ಅರಗಿನಲ್ಲಿ ಉಳಿದ ಹೆಸರು

ಹೌರಾ ನಿಲ್ದಾಣದಲ್ಲಿ ಇಳಿದಾಗ ಮೇಷ್ಟ್ರ ಕೈಚೀಲದಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಲೋಹದ ಬಿಲ್ಲೆ ಇತ್ತು. ಅಂಗೈಗಿಂತ ಚಿಕ್ಕದು, ತೂಕ ಮಾತ್ರ ಸಾಕಷ್ಟು. ಮೈಸೂರಿನ ಅಗ್ರಹಾರದ ಮನೆಯ ಅಟ್ಟದಿಂದ ಇಳಿಸಿದ, ತಾತನ ಕಾಲದ ಹಾರನ್ ಗ್ರಾಮಫೋನಿನ ಸೌಂಡ್ ಬಾಕ್ಸು ಅದು. ಅದರ ಒಳಗೆ ಕಾಗದದಷ್ಟು ತೆಳುವಾದ ಅಭ್ರಕದ ಪೊರೆಯೊಂದು ಇರುತ್ತದೆ. ಹಳ್ಳಿಯ ಮಕ್ಕಳು ಕಾಗೆಬಂಗಾರ ಎಂದು ಆಯ್ದು ಜೇಬಿಗೆ ಹಾಕಿಕೊಳ್ಳುತ್ತಾರಲ್ಲ, ಅದೇ. ಪೊರೆ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಮೈಸೂರು, ಬೆಂಗಳೂರುಗಳಲ್ಲಿ ವಿಚಾರಿಸಿದವರೆಲ್ಲ ಕೊನೆಗೆ ಒಂದೇ ಊರಿನ ಕಡೆ ಬೆರಳು ತೋರಿಸಿದ್ದರು: ಕಲ್ಕತ್ತಾ.

ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಈ ಬಿಲ್ಲೆಗಿಂತ ಹೆಚ್ಚಾಗಿ ಕಾಡುತ್ತಿದ್ದುದು ಅದೇ ಅಟ್ಟದಲ್ಲಿ ಸಿಕ್ಕ ಒಂದು ಪ್ಲೇಟು. ಆಗಿನವರು ಹಾಗೆಯೇ ಅನ್ನುತ್ತಿದ್ದುದು, ಗ್ರಾಮಫೋನ್ ಪ್ಲೇಟು. ಒಂದೇ ಮಗ್ಗುಲಿನಲ್ಲಿ ಹಾಡು. ನಡುವಿನ ಚೀಟಿಯ ಮೇಲೆ ಗರಿಯ ಲೇಖನಿ ಹಿಡಿದು ತಟ್ಟೆಯ ಮೇಲೆ ಬರೆಯುತ್ತ ಕೂತ ಪುಟ್ಟ ದೇವದೂತನ ಚಿತ್ರ. ಹಾಡಿದವರ ಹೆಸರು ಗೌಹರ್ ಜಾನ್. ಕೆಳಗೆ, ಅಚ್ಚಾದ ಊರು: ಹ್ಯಾನೋವರ್. ಕಲ್ಕತ್ತಾದ ಗಾಯಕಿಯ ಹಾಡು ಜರ್ಮನಿಯ ಊರಿನಲ್ಲಿ ತಟ್ಟೆಯಾಗಿ ಮೈಸೂರಿನ ಅಟ್ಟಕ್ಕೆ ಬಂದ ದಾರಿ ಯಾವುದು? ಬಿಲ್ಲೆ ರಿಪೇರಿಯ ನೆಪದಲ್ಲಿ ಅವರು ಹೊರಟಿದ್ದು ಆ ದಾರಿಯನ್ನು ಹಿಂದಕ್ಕೆ ನಡೆದು ನೋಡಲು.

ಧರ್ಮತಲದ ಒಂದು ಗಲ್ಲಿಯಲ್ಲಿ, ಹಾರ್ಮೋನಿಯಂ ಅಂಗಡಿಯ ಪಕ್ಕ, ನಾಲ್ಕು ಜನ ನಿಂತರೆ ತುಂಬಿಹೋಗುವ ಕೋಣೆಯಲ್ಲಿ ರಿಪೇರಿಯವನು ಕೂತಿದ್ದ. ಬಿಲ್ಲೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಮ್ಮೆ ತಟ್ಟಿದ. ಮೇಷ್ಟ್ರ ವೃತ್ತಿ ಕೇಳಿ ತಿಳಿದ ಮೇಲೆ ಅವನ ಮಾತಿನಲ್ಲಿ ಗೌರವ ಇನ್ನಷ್ಟು ಸೇರಿತು. ‘ಮಾಸ್ಟರ್‌ಮೊಶಾಯ್, ಅಭ್ರಕ ಸಿಗುತ್ತೆ, ಅದಕ್ಕೆ ಚಿಂತೆ ಬೇಡ. ಇದರ ಸುತ್ತ ಇರುವ ರಬ್ಬರು ಕಲ್ಲಾಗಿದೆ ನೋಡಿ. ಪೊರೆಗೆ ಅಲುಗಾಡೋಕೆ ಜಾಗವೇ ಇಲ್ಲ, ಅದಕ್ಕೇ ಒಡೆದಿದೆ. ಎರಡು ದಿನ ಕೊಡಿ.’ ಹಿಂದಿ, ಬಂಗಾಳಿ ಬೆರೆಸಿ ಹೇಳಿದ ಈ ಮಾತು ಮೇಷ್ಟ್ರಿಗೆ ಪಾಠದ ಹಾಗೆ ಕೇಳಿಸಿತು. ಗ್ರಾಮಫೋನಿನಲ್ಲಿ ಕರೆಂಟಿಲ್ಲ. ತಟ್ಟೆಯ ಗೆರೆಯಲ್ಲಿ ಮುಳ್ಳು ಎಡಬಲಕ್ಕೆ ಹೊಯ್ದಾಡುತ್ತದೆ, ಆ ಹೊಯ್ದಾಟ ಸನ್ನೆಯ ಮೂಲಕ ಪೊರೆಗೆ ತಲುಪುತ್ತದೆ, ಪೊರೆ ಗಾಳಿಯನ್ನು ತಳ್ಳುತ್ತದೆ, ಹಾರನ್ನು ಆ ಗಾಳಿಯನ್ನು ಕೋಣೆಗೆ ಹರಡುತ್ತದೆ. ಬಲವೆಲ್ಲ ಬರುವುದು ಕೀ ಕೊಟ್ಟ ಸ್ಪ್ರಿಂಗಿನಿಂದ. ತೋಳಿನ ಶಕ್ತಿಯೇ ಹಾಡಾಗಿ ಹೊರಬರುವ ಯಂತ್ರ.

ಅದೇ ಧರ್ಮತಲದಲ್ಲಿ ಸುಮಾರು 120 ವರ್ಷದ ಹಿಂದೆ ಇನ್ನೊಬ್ಬರ ಅಂಗಡಿ ಇತ್ತು. ಕುಂತಲೀನ್ ಎಂಬ ತಲೆಗೆ ಹಚ್ಚುವ ಎಣ್ಣೆ, ದಿಲ್‌ಖುಷ್ ಎಂಬ ಅತ್ತರು ಮಾರಿ ಹೆಸರು ಮಾಡಿದ್ದ ಹೇಮೇಂದ್ರಮೋಹನ್ ಬೋಸ್ ‘ಟಾಕಿಂಗ್ ಮೆಷಿನ್ ಹಾಲ್’ ತೆರೆದರು. ಅವರು ನಂಬಿದ್ದು ತಟ್ಟೆಯನ್ನಲ್ಲ, ಎಡಿಸನ್ 1877ರಲ್ಲಿ ತವರದ ಹಾಳೆ ಸುತ್ತಿ ಶುರುಮಾಡಿದ ಕೊಳವೆಯ ದಾರಿಯನ್ನು, ಅಂದರೆ ಸಿಲಿಂಡರನ್ನು. ಬಂಗಾಳ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ಭುಗಿಲೆದ್ದ ದಿನಗಳಲ್ಲಿ ಅವರು ರವೀಂದ್ರನಾಥ ಠಾಕೂರರ ಧ್ವನಿಯನ್ನು ಮೇಣದ ಸಿಲಿಂಡರುಗಳಲ್ಲಿ ಹಿಡಿದರು. ಸಿಲಿಂಡರಿಗೆ ಒಂದು ದೊಡ್ಡ ಗುಣವಿತ್ತು. ಅದೇ ಯಂತ್ರದಲ್ಲಿ ಕೇಳಲೂಬಹುದಿತ್ತು, ಮನೆಯಲ್ಲೇ ಕೂತು ಸ್ವಂತ ಧ್ವನಿಯನ್ನು ಮುದ್ರಿಸಲೂಬಹುದಿತ್ತು. ತಟ್ಟೆ ಆ ಅವಕಾಶ ಕೊಡಲಿಲ್ಲ. ಆದರೆ ಒಂದು ಅಚ್ಚಿನಿಂದ ಸಾವಿರಾರು ತಟ್ಟೆ ಒತ್ತುವುದು ಸುಲಭ, ಜೋಡಿಸಿಡುವುದು ಸುಲಭ, ಚೀಟಿ ಅಂಟಿಸುವುದು ಸುಲಭ. ವ್ಯಾಪಾರ ತಟ್ಟೆಯ ಕಡೆ ವಾಲಿತು. ಬೋಸರ ಸಿಲಿಂಡರುಗಳಲ್ಲಿ ಬಹುಪಾಲು ಇಂದು ಇಲ್ಲ. ಮೇಣ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಸೊಟ್ಟಗಾಗುತ್ತದೆ. ಅವರ ಮನೆಯಲ್ಲಿ ಧ್ವನಿಯ ಹುಚ್ಚು ಮಾತ್ರ ಉಳಿಯಿತು. ಮಗ ನಿತಿನ್ ಬೋಸ್ 1935ರಲ್ಲಿ ‘ಭಾಗ್ಯಚಕ್ರ’ ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ಮೊದಲ ಬಾರಿಗೆ ತಂದರು. ಇನ್ನೊಬ್ಬ ಮಗ ಮುಕುಲ್ ಅದರ ಧ್ವನಿಮುದ್ರಕ. ಕನ್ನಡದ ತೆರೆಯ ಮೇಲೆ ಒಬ್ಬರು ತುಟಿ ಆಡಿಸಿ ಇನ್ನೊಬ್ಬರು ಹಾಡುವಾಗಲೆಲ್ಲ ಆ ಅತ್ತರಿನ ಅಂಗಡಿಗೂ ಒಂದು ಪಾಲು ಸಲ್ಲಬೇಕು ಎಂದು ಮೇಷ್ಟ್ರಿಗೆ ಅನಿಸಿತು.

ಮರುದಿನ ಬೆಳಿಗ್ಗೆ ರವೀಂದ್ರ ಸರಣಿ. ಹಳಬರ ಬಾಯಲ್ಲಿ ಇದು ಇನ್ನೂ ಚಿತ್ಪುರ ರಸ್ತೆ. ನಾಖೋದಾ ಮಸೀದಿಯ ಸುತ್ತ ಅತ್ತರು, ಸುರ್ಮಾ, ಟೋಪಿಗಳ ಅಂಗಡಿ. ಸ್ವಲ್ಪ ಆಚೆಗೆ ವಾದ್ಯ ಮಾರುವವರು. ಮಸೀದಿಯ ಎದುರಿಗೆ ಸಲೀಂ ಮಂಜಿಲ್ ಎಂಬ ಹಳೆಯ ಕಟ್ಟಡ. ಇದು ಒಂದು ಕಾಲಕ್ಕೆ ಗೌಹರ್ ಬಿಲ್ಡಿಂಗ್ ಆಗಿತ್ತು. ಕೆಳಗೆ ಅಂಗಡಿ, ಮೇಲೆ ಒಣಹಾಕಿದ ಬಟ್ಟೆ, ನಡುವೆ ಸೊಗಸು ಮಾಸದ ಕಿಟಕಿಗಳು.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಗೌಹರ್ ಜಾನ್ ಅವರ ಹೆಸರು ಆಂಜೆಲಿನಾ ಯೋವಾರ್ಡ್. ತಾಯಿ ಮದುವೆ ಮುರಿದ ಮೇಲೆ ಬನಾರಸಿಗೆ ಬಂದು, ಇಸ್ಲಾಂ ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರಿನಲ್ಲಿ ಹಾಡುಗಾರ್ತಿಯಾಗಿ, ಮಗಳೊಂದಿಗೆ ಕಲ್ಕತ್ತಾ ಸೇರಿದರು. ಮಗಳು ಗೌಹರ್ ಆದಳು. 1902ರ ಶರತ್ಕಾಲದಲ್ಲಿ ಲಂಡನ್ನಿನ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಹಡಗು ಇಳಿದು ಹಾಡು ಮುದ್ರಿಸಲು ಕಲ್ಕತ್ತಾಗೆ ಬಂದಾಗ ಆಕೆ ಊರಿಗೆಲ್ಲ ಗೊತ್ತಿದ್ದ ತಾರೆ. ದೊಡ್ಡ ಉಸ್ತಾದರು ಅವನ ಧ್ವನಿಮುದ್ರಣದ ಕೊಳವೆಯ ಮುಂದೆ ಹಾಡಲು ಹಿಂಜರಿದರು. ಧ್ವನಿ ಹಾಳಾಗುತ್ತದೆ ಎಂಬ ಭಯ ಕೆಲವರಿಗೆ, ಮನೆತನದ ವಿದ್ಯೆ ಬೀದಿಪಾಲಾಗುತ್ತದೆ ಎಂಬ ಭಯ ಹಲವರಿಗೆ. ಹಾಡಿ ಕುಣಿಯುವ ವೃತ್ತಿಯ ತವಾಯಿಫರು ಬಂದರು. ಸಂಗೀತದ ಚರಿತ್ರೆಯಲ್ಲಿ ಇದನ್ನು ಅಡಿಟಿಪ್ಪಣಿಯಾಗಿ ಬಿಡುವುದು ಅನ್ಯಾಯ. ನಾವು ಇಂದು ಭಾರತೀಯ ಧ್ವನಿಮುದ್ರಣ ಎಂದು ಕರೆಯುವ ಇಡೀ ಪರಂಪರೆಯ ತಳಪಾಯ ಹಾಕಿದವರು, ಸಭ್ಯರ ಸಭೆಯಲ್ಲಿ ಕುರ್ಚಿ ಸಿಗದಿದ್ದ ಈ ಹೆಂಗಸರು.

ಹೋಟೆಲಿನ ಕೋಣೆಯೊಂದು ಸ್ಟುಡಿಯೋ ಆಯಿತು. ಗೋಡೆಯಿಂದ ಚಾಚಿದ ಕೊಳವೆಯ ಬಾಯಿಗೆ ಮುಖ ಕೊಟ್ಟು ಎತ್ತರದ ದನಿಯಲ್ಲಿ ಹಾಡಬೇಕು. ಕೊಳವೆಯ ಆ ತುದಿಯಲ್ಲಿ ತಿರುಗುವ ದಪ್ಪ ಮೇಣದ ತಟ್ಟೆಯ ಮೇಲೆ ಮೊನೆಯೊಂದು ಗೆರೆ ಕೊರೆಯುತ್ತದೆ. ತಲೆ ಅತ್ತಿತ್ತ ಹೊರಳಿಸುವಂತಿಲ್ಲ, ಕೈ ಬೀಸುವ ಅಭಿನಯವಿಲ್ಲ. ನವೆಂಬರ್ 8ರಂದು ಶಶಿಮುಖಿ ಮತ್ತು ಫಣಿಬಾಲಾ ಎಂಬ ರಂಗಭೂಮಿಯ ಹುಡುಗಿಯರಿಂದ ಕೆಲಸ ಶುರುವಾಯಿತು. ನವೆಂಬರ್ 11ರಂದು ಗೌಹರ್ ಬಂದರು. ಪ್ರತಿ ಸಲವೂ ಹೊಸ ಉಡುಪು, ಒಮ್ಮೆ ತೊಟ್ಟ ಒಡವೆ ಮತ್ತೆ ಇಲ್ಲ ಎಂದು ಗೈಸ್‌ಬರ್ಗ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಕಲ್ಕತ್ತಾ ಬಿಡುವ ಹೊತ್ತಿಗೆ ಅವನ ಬಳಿ 500ಕ್ಕೂ ಹೆಚ್ಚು ಮುದ್ರಿಕೆಗಳಿದ್ದವು.

ಆದರೆ ಒಡವೆಗಿಂತ ದೊಡ್ಡ ಸಂಗತಿ ಕಾಲದ್ದು. 10 ಇಂಚಿನ ತಟ್ಟೆಯಲ್ಲಿ ಹಿಡಿಯುವುದು ಮೂರು ನಿಮಿಷದ ಆಸುಪಾಸು. ರಾಗವನ್ನು ಬಿಡಿಸಲು ಮುಕ್ಕಾಲು ಗಂಟೆ ಬೇಕು ಎನ್ನುವ ಪದ್ಧತಿಯಲ್ಲಿ ಬೆಳೆದ ಕಂಠ ಅದು. ಗೌಹರ್ ದೂರಲಿಲ್ಲ, ಲೆಕ್ಕ ಹಾಕಿದರು. ಆಲಾಪ ಕೆಲವೇ ಉಸಿರು, ಕೂಡಲೇ ಬಂದಿಶ್, ಮಿಂಚಿನಂಥ ತಾನುಗಳು, ಮುಗಿಯುವ ಮುನ್ನ ಮತ್ತೆ ಸಾಲಿನ ಮೊದಲಿಗೆ. ಇದನ್ನು ರಾಗದ ಅಂಗಚ್ಛೇದ ಎಂದವರಿದ್ದಾರೆ. ಮೇಷ್ಟ್ರು ಹಾಗೆ ಭಾವಿಸುವುದಿಲ್ಲ. ವಚನಕಾರರು ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ಯಾರೂ ಮೊಟಕು ಎನ್ನುವುದಿಲ್ಲವಲ್ಲ. ಅಳತೆ ಕೊಟ್ಟದ್ದು ಯಂತ್ರ, ಅದರೊಳಗೆ ರೂಪ ಕಂಡುಕೊಂಡದ್ದು ಆಕೆ.

ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ತನ್ನ ಹೆಸರು ಹೇಳುತ್ತಾರೆ: ‘ಮೈ ನೇಮ್ ಈಸ್ ಗೌಹರ್ ಜಾನ್.’ ಅದು ಜಂಬವಲ್ಲ. ಕಲ್ಕತ್ತಾದಲ್ಲಿ ಆಗ ತಟ್ಟೆ ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಮುದ್ರಿಕೆಗಳು ಪೆಟ್ಟಿಗೆಯಲ್ಲಿ ಹಡಗು ಹತ್ತಿ ಹ್ಯಾನೋವರಿಗೆ ಹೋಗುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಹಿಂದಿಯಾಗಲಿ ಬಂಗಾಳಿಯಾಗಲಿ ತಿಳಿಯದು. ಯಾವ ಮೇಣ ಯಾರದು, ಯಾವ ಚೀಟಿ ಯಾವುದಕ್ಕೆ ಅಂಟಿಸಬೇಕು ಎಂಬ ಗೊಂದಲ ತಪ್ಪಲೆಂದು ಹಾಡುವವರೇ ಕೊನೆಯಲ್ಲಿ ಹೆಸರು ಕೂಗಿ ಹೇಳುವ ಏರ್ಪಾಡು. ಎಂದೂ ಕಾಣದ ಒಬ್ಬ ಜರ್ಮನ್ ಕಾರ್ಮಿಕನಿಗಾಗಿ ಹೇಳಿದ ಹೆಸರು ಅದು.

ಹ್ಯಾನೋವರ್ ಯಾಕೆ? ತಟ್ಟೆಯ ಗ್ರಾಮಫೋನ್ ಕಂಡುಹಿಡಿದ ಎಮಿಲ್ ಬರ್ಲಿನರ್ ಹುಟ್ಟಿದ್ದು 1851ರಲ್ಲಿ ಆ ಊರಿನಲ್ಲೇ. 1870ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದು, 1898ರಲ್ಲಿ ಸಹೋದರ ಜೋಸೆಫ್ ಜೊತೆ ತವರಿನಲ್ಲಿ ಕಾರ್ಖಾನೆ ಕಟ್ಟಿದ. ಮೇಣಕ್ಕೆ ವಿದ್ಯುಲ್ಲೇಪನ ಮಾಡಿ ತಾಮ್ರದ ತಿರುಗು ಅಚ್ಚು ತೆಗೆಯುವುದು, ಆ ಅಚ್ಚಿನಿಂದ ಮೆದು ಮಾಡಿದ ಕರಿಯ ಹಿಟ್ಟನ್ನು ಒತ್ತುವುದು ಅಲ್ಲಿನ ಕೆಲಸ. (1982ರ ಆಗಸ್ಟ್ 17ರಂದು ಮೊದಲ ಮಾರುಕಟ್ಟೆ ಸೀಡಿಗಳು ತಯಾರಾದದ್ದೂ ಅದೇ ಹ್ಯಾನೋವರಿನ ಮಗ್ಗುಲಲ್ಲಿರುವ ಲಾಂಗನ್‌ಹಾಗನ್‌ನಲ್ಲಿ. ಕೆಲವು ಊರುಗಳಿಗೆ ಒಂದು ಕಸುಬು ಅಂಟಿಕೊಂಡರೆ ಬಿಡುವುದಿಲ್ಲ.)

ಆ ಕರಿಯ ಹಿಟ್ಟೇ ಮೇಷ್ಟ್ರನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು. ಬರ್ಲಿನರ್ ಮೊದಲು ಗಟ್ಟಿ ರಬ್ಬರಿನ ತಟ್ಟೆ ಮಾಡಿ ನೋಡಿದ್ದ, ಸಮತಟ್ಟಾಗಿ ನಿಲ್ಲಲಿಲ್ಲ. ಆಮೇಲೆ ನ್ಯೂಜೆರ್ಸಿಯ ಗುಂಡಿ ತಯಾರಕರ ಬಳಿ ಶೆಲ್ಲಾಕಿನ ಮಿಶ್ರಣ ಸಿಕ್ಕಿತು. ಶೆಲ್ಲಾಕ್ ಎಂದರೆ ಅರಗು. ಮುತ್ತುಗ, ಎಲಚಿಯಂಥ ಮರಗಳ ಎಳೆಯ ರೆಂಬೆಗಳ ಮೇಲೆ ಲಕ್ಷಗಟ್ಟಲೆ ಮುತ್ತಿಕೊಳ್ಳುವ ಸಣ್ಣ ಹುಳು ತನ್ನ ಮೈಸುತ್ತ ಸ್ರವಿಸಿಕೊಳ್ಳುವ ರಾಳ. ನಮ್ಮ ಪಾಂಡವರನ್ನು ಸುಡಲು ಮನೆ ಕಟ್ಟಿದ್ದು ಇದರಿಂದಲೇ. ಜಗತ್ತಿಗೆಲ್ಲ ಇದರ ದೊಡ್ಡ ಪಾಲು ಹೋಗುತ್ತಿದ್ದುದು ಇಂದಿನ ಜಾರ್ಖಂಡ್, ಬಂಗಾಳದ ಪುರುಲಿಯಾ ಸೀಮೆಗಳ ಕಾಡಿನಿಂದ, ಕಲ್ಕತ್ತಾ ಬಂದರಿನ ಮೂಲಕ. ಅಂದರೆ ಗೌಹರ್ ಹಾಡಿದ ಮೇಣ ಹಡಗಿನಲ್ಲಿ ಹೋದ ನೀರಿನ ದಾರಿಯಲ್ಲೇ ಆ ಹಾಡನ್ನು ಹೊರಬೇಕಾದ ಅರಗೂ ಹೋಗುತ್ತಿತ್ತು. ಎರಡೂ ಹ್ಯಾನೋವರಿನ ಒತ್ತುಯಂತ್ರದಲ್ಲಿ ಒಂದಾಗಿ ಮತ್ತೆ ಕಲ್ಕತ್ತಾಗೆ ಬಂದವು.

ತಟ್ಟೆಯಲ್ಲಿ ಅರಗು ಮುಖ್ಯ ಅಂಟು ಮಾತ್ರ. ಉಳಿದ ಹೆಚ್ಚಿನ ಭಾಗ ಕಲ್ಲಿನ ಪುಡಿ, ಜೊತೆಗೆ ಹತ್ತಿಯ ನಾರು, ಬಣ್ಣಕ್ಕೆ ಮಸಿ. ಕಲ್ಲಿನ ಪುಡಿ ಬರೀ ಅಗ್ಗಕ್ಕೆ ಹಾಕಿದ್ದಲ್ಲ. ಅದು ಉಕ್ಕಿನ ಮುಳ್ಳನ್ನು ಸಾಣೆ ಹಿಡಿದಂತೆ ಸವೆಸಿ, ಮೊದಲ ಕೆಲವು ಸುತ್ತಿನಲ್ಲೇ ಮೊನೆಯನ್ನು ಗೆರೆಯ ಆಕಾರಕ್ಕೆ ತರುತ್ತದೆ. ಸವೆಯಬೇಕಾದದ್ದು ಮುಳ್ಳು, ಹಾಡಲ್ಲ. ಅದಕ್ಕೇ ಒಂದು ಮಗ್ಗುಲಿಗೆ ಒಂದು ಮುಳ್ಳು ಎಂಬ ಕಟ್ಟಳೆ. ಮೇಷ್ಟ್ರ ತಾತ ಬಳಸಿದ ಮುಳ್ಳುಗಳನ್ನು ಹಿತ್ತಲಿನ ಗೋಡೆಯ ಬಿರುಕಿನಲ್ಲಿ ತುರುಕುತ್ತಿದ್ದರಂತೆ. ಜಿಪುಣತನದಿಂದ ಮತ್ತೆ ಅದೇ ಮುಳ್ಳು ಹಾಕುತ್ತಿದ್ದ ಮನೆಗಳ ಪ್ಲೇಟುಗಳು ಇಂದು ಬೂದು ಬಣ್ಣಕ್ಕೆ ತಿರುಗಿ ಬರೀ ಸರಬರ ಎನ್ನುತ್ತವೆ.

ಮಧ್ಯಾಹ್ನ ಡಂಡಂ. ಇಲ್ಲಿನ ಶಸ್ತ್ರಾಗಾರದಲ್ಲಿ ಹುಟ್ಟಿದ ಗುಂಡಿನಿಂದ ಊರಿನ ಹೆಸರು ನಿಘಂಟು ಸೇರಿದೆ, ಹಾಡಿನಿಂದ ಸೇರಬೇಕಿತ್ತು. ಗ್ರಾಮಫೋನ್ ಕಂಪನಿ 1908ರಲ್ಲಿ ಸಿಯಾಲ್ದಾದಲ್ಲಿ ತಟ್ಟೆ ಒತ್ತಲು ಶುರುಮಾಡಿ ಹ್ಯಾನೋವರಿನ ಅವಲಂಬನೆ ಕಳಚಿಕೊಂಡಿತು, 1928ರಲ್ಲಿ ಡಂಡಮ್ಮಿನ ಜೆಸ್ಸೋರ್ ರಸ್ತೆಗೆ ಬಂತು. ಅಷ್ಟರಲ್ಲಿ ಮೈಕ್ರೋಫೋನು ಬಂದಿತ್ತು. 1925ರಿಂದ ವಿದ್ಯುತ್ ಧ್ವನಿಮುದ್ರಣ ಶುರುವಾದ ಮೇಲೆ ಕೊಳವೆಗೆ ಕಿರುಚಬೇಕಿರಲಿಲ್ಲ. ಮೆಲುದನಿಯ ಹಾಡುಗಾರರಿಗೆ ಕಾಲ ಬಂತು. ನಾಯಿ ಕೂತು ಕೇಳುವ ಎಚ್‌ಎಂವಿ ಚಿತ್ರ ದಕ್ಷಿಣದ ಸಣ್ಣ ಊರುಗಳ ತನಕ ಹೋದದ್ದು ಈ ಕಾರ್ಖಾನೆಯಿಂದ. ಆ ಚಿತ್ರದಲ್ಲೂ ಸಿಲಿಂಡರಿನ ಸೋಲು ಅಡಗಿದೆ. ಫ್ರಾನ್ಸಿಸ್ ಬರೋ ಮೊದಲು ನಾಯಿಯ ಮುಂದೆ ಬರೆದಿದ್ದು ಸಿಲಿಂಡರ್ ಯಂತ್ರವನ್ನು. 1899ರಲ್ಲಿ ಕಂಪನಿ ಚಿತ್ರ ಕೊಳ್ಳುವಾಗ ಅದರ ಮೇಲೆಯೇ ಗ್ರಾಮಫೋನನ್ನು ಬರೆದುಕೊಟ್ಟ.

ಡಂಡಂ ಅರಗಿನ ತಟ್ಟೆಯನ್ನು ಬೇಗ ಬಿಡಲಿಲ್ಲ. 1948ರಲ್ಲಿ ಅಮೆರಿಕದಲ್ಲಿ ವಿನೈಲಿನ ಲಾಂಗ್ ಪ್ಲೇ ಬಂದು, ನಿಮಿಷಕ್ಕೆ 78ರ ಬದಲು 33 ಚಿಲ್ಲರೆ ಸುತ್ತು ತಿರುಗಿ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಮೀರಿ ಹಾಡತೊಡಗಿತು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಆ ತಟ್ಟೆಯ ಮೇಲೆ ರಾಗಕ್ಕೆ ಬೇಕಾದ ಜಾಗ ಪಡೆಯಿತು. ಆದರೆ ಕೀ ಕೊಡುವ ಯಂತ್ರಗಳಿದ್ದ, ಕರೆಂಟಿಲ್ಲದ ಊರುಗಳಿಗಾಗಿ ಇಲ್ಲಿ 1960ರ ದಶಕದಲ್ಲೂ 78ರ ತಟ್ಟೆ ಒತ್ತುತ್ತಲೇ ಇದ್ದರು. ಬೀಟಲ್ಸ್ ಹಾಡುಗಳು ಅರಗಿನ ಮೇಲೆ ಅಚ್ಚಾದದ್ದು ಹೀಗೆ. ಆ ಡಂಡಂ ತಟ್ಟೆಗಳಿಗಾಗಿ ಇಂದು ಜಗತ್ತಿನ ಸಂಗ್ರಾಹಕರು ಹುಡುಕಾಡುತ್ತಾರೆ. ಸಂಜೆ ಫ್ರೀ ಸ್ಕೂಲ್ ಸ್ಟ್ರೀಟಿನ ಹಳೆಯ ರೆಕಾರ್ಡುಗಳ ಅಂಗಡಿಗಳಲ್ಲಿ ಮೇಷ್ಟ್ರಿಗೆ ಅದು ಕಾಣಲಿಲ್ಲ. ಬದಲು ಒಂದು ಡಬ್ಬಿ ಉಕ್ಕಿನ ಮುಳ್ಳು ಸಿಕ್ಕಿತು, ತುಕ್ಕಿಲ್ಲದ್ದು. ಅವರಿಗೆ ಬೇಕಾಗಿದ್ದೂ ಅದೇ.

ಮೂರನೆಯ ದಿನ ಬಿಲ್ಲೆ ಸಿದ್ಧವಾಗಿತ್ತು. ಹೊಸ ರಬ್ಬರಿನ ನಡುವೆ ಹೊಸ ಅಭ್ರಕ, ಅಂಚಿನಲ್ಲಿ ಬೆರಳು ತಾಗಿದರೆ ನಡುಗುವಷ್ಟು ಸಡಿಲ. ‘ಬಿಗಿ ಮಾಡಬೇಡಿ, ಮಾಸ್ಟರ್‌ಮೊಶಾಯ್. ಬಿಗಿ ಮಾಡಿದರೆ ಹಾಡಲ್ಲ,’ ಎಂದ.

ಹೌರಾದಿಂದ ಮೈಸೂರಿಗೆ ನೇರ ರೈಲಿದೆ. ಒರಿಸ್ಸಾದ ಗದ್ದೆ, ಆಂಧ್ರದ ಬಯಲು ದಾಟಿ, ಬೆಂಗಳೂರು ಕಳೆದು ಚನ್ನಪಟ್ಟಣ ಬಂದಾಗ ಮೇಷ್ಟ್ರು ಕಿಟಕಿಗೆ ಅಂಟಿಕೊಂಡರು. ಇಲ್ಲೂ ಅರಗೇ. ಚರಕಿಗೆ ಕಟ್ಟಿದ ಹಾಲೆಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಬಿಸಿಗೆ ಮೆತ್ತಗಾಗಿ, ಕೊಟ್ಟ ಆಕಾರ ಹಿಡಿದು, ಆರಿದರೆ ಕಲ್ಲಿನಂತಾಗುವ ಅದೇ ಗುಣ ಬರ್ಲಿನರನಿಗೆ ಬೇಕಾಗಿದ್ದದ್ದು. ಮಗುವಿನ ಗಿಲಕಿಗೂ ಗೌಹರ್ ಜಾನಳ ಠುಮ್ರಿಗೂ ಒಂದೇ ಹುಳುವಿನ ಋಣ.

ಕಂಪನಿ ಡಂಡಮ್ಮಿಗೆ ಬಂದ ಅದೇ 1928ರಲ್ಲಿ ಗೌಹರ್ ಜಾನ್ ಮೈಸೂರಿಗೆ ಬಂದರು. ಆಗ ಆಕೆಗೆ 55. ಕೋರ್ಟು ಕಚೇರಿ, ನಂಬಿದವರ ಮೋಸ ಎಲ್ಲ ಸೇರಿ ಆಸ್ತಿ ಕರಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗಸ್ಟ್ 1ರಂದು ಆಸ್ಥಾನ ಗಾಯಕಿಯಾಗಿ ನೇಮಿಸಿದರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಮುದ್ರಿಕೆ ಕೊಟ್ಟ ಕಂಠ ಕೊನೆಗೆ ಆಶ್ರಯ ಪಡೆದದ್ದು ಈ ಊರಿನಲ್ಲಿ. 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಈ ಕತೆ ಬಹುಕಾಲ ಅರಮನೆಯ ಕಡತಗಳಲ್ಲೇ ಇತ್ತು. ವಿಕ್ರಮ್ ಸಂಪತ್ ಮೈಸೂರಿನ ಚರಿತ್ರೆಗಾಗಿ ಆ ಕಡತಗಳನ್ನು ತಿರುವುವಾಗ ಎದುರಾದ ಆಕೆಯ ಪತ್ರಗಳೇ ಮುಂದೆ ಆಕೆಯ ಜೀವನಚರಿತ್ರೆಗೆ ದಾರಿಯಾದವು. ಆ ಪುಸ್ತಕದ ಹೆಸರು, ತಟ್ಟೆಯ ಕೊನೆಯಲ್ಲಿ ಆಕೆ ಕೂಗಿ ಹೇಳಿದ ಅದೇ ವಾಕ್ಯ.

ಮೈಸೂರಿಗೂ ತಟ್ಟೆಗೂ ಇರುವ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ನಾಲ್ವಡಿಯವರ ತಮ್ಮನ ಮಗ, ಉತ್ತರಾಧಿಕಾರಿ ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ಗಾಢ ಮೋಹ. ಲಂಡನ್ನಿನಲ್ಲಿ ಕಾಯಿಲೆ, ಬಡತನದ ನಡುವೆ ಜಗತ್ತು ಮರೆಯುತ್ತಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸಲು 1940ರ ದಶಕದ ಕೊನೆಯಲ್ಲಿ ಮೈಸೂರಿನಿಂದ ಹಣ ಹೋಯಿತು. ಮೆಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ಎಚ್‌ಎಂವಿ ತಟ್ಟೆಗಳು ಬಂದವು. ಅವನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡ. ಸೊಸೈಟಿಯವು 78ರ ತಟ್ಟೆಗಳು. ಅರ್ಧ ಗಂಟೆ ಮೀರಿದ ಕೃತಿಯನ್ನು ಕೇಳಲು ನಾಲ್ಕು ನಾಲ್ಕೂವರೆ ನಿಮಿಷಕ್ಕೊಮ್ಮೆ ಎದ್ದು ಮಗ್ಗುಲು ಬದಲಿಸಬೇಕಿತ್ತು. ಲಾಂಗ್ ಪ್ಲೇ ಆಗಷ್ಟೇ ಹುಟ್ಟುತ್ತಿತ್ತು. ಅದು ಊರೂರಿಗೆ ತಲುಪಲಿ ಎಂದು ಕಾದಿದ್ದರೆ ಆ ಬೆರಳುಗಳು ಉಳಿದಿರುತ್ತಿರಲಿಲ್ಲ. ಇದ್ದ ಮಾಧ್ಯಮದಲ್ಲಿ, ಇದ್ದ ಹೊತ್ತಿನಲ್ಲಿ ಹಿಡಿದಿಟ್ಟ ಆ ನಿರ್ಧಾರವನ್ನು ಮೇಷ್ಟ್ರು ಮೈಸೂರಿನ ಯಾವ ಅರಮನೆಗಿಂತಲೂ ಕಡಿಮೆ ಎಂದು ಎಣಿಸುವುದಿಲ್ಲ.

ಆಮೇಲಿನದು ಮೇಷ್ಟ್ರು ಕಣ್ಣಾರೆ ಕಂಡ ಕಾಲ. ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ಟು ಸಿಲಿಂಡರು ಕಳೆದುಕೊಂಡಿದ್ದ ಶಕ್ತಿಯನ್ನು ವಾಪಸು ಕೊಟ್ಟಿತು. ಯಾರು ಬೇಕಾದರೂ ಮುದ್ರಿಸಬಹುದು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದಾಗ ಧ್ವನಿಸುರುಳಿ ಎಂಬ ಮಾತೇ ಕನ್ನಡದ ಮನೆಮಾತಾಯಿತು. ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸಿದ ಕೈಗಳು ಈಗಲೂ ಎಷ್ಟೋ ಇವೆ.

ಮನೆ ತಲುಪಿದ ಸಂಜೆಯೇ ಮೇಷ್ಟ್ರು ಬಿಲ್ಲೆಯನ್ನು ತೋಳಿಗೆ ಸೇರಿಸಿದರು. ಹೊಸ ಮುಳ್ಳು ಹಾಕಿ ತಿರುಪು ಬಿಗಿದರು. ಕೀ ಕೊಟ್ಟು, ಒಳಗಿನ ಗವರ್ನರಿನ ಮೂರು ಗುಂಡುಗಳು ತಿರುಗುವುದನ್ನು ಬಗ್ಗಿ ನೋಡಿ, ವೇಗದ ಸನ್ನೆಯನ್ನು ಕೂದಲೆಳೆಯಷ್ಟು ಸರಿಸಿದರು. ಆ ಕಾಲದ ತಟ್ಟೆಗಳು ಕರಾರುವಾಕ್ಕಾಗಿ 78ಕ್ಕೆ ಮುದ್ರಿಸಿದವಲ್ಲ, ಕಿವಿಯಿಂದಲೇ ಹೊಂದಿಸಬೇಕು. ಮುಳ್ಳು ಇಳಿಯಿತು. ಮೊದಲು ಹುರಿಗಡಲೆ ಹುರಿದಂಥ ಸದ್ದು. ಅದರ ಹಿಂದಿನಿಂದ, ದೂರದ ಕೋಣೆಯ ಬಾಗಿಲು ತೆರೆದ ಹಾಗೆ, ಸಾರಂಗಿ. ಆಮೇಲೆ ಕಂಠ, ತೆಳ್ಳಗೆ, ಚೂಪಾಗಿ, ಒಂದಿಷ್ಟೂ ಅಂಜದೆ.

ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. ತಾನುಗಳು ಒಂದರ ಮೇಲೊಂದು ಏರಿ ಇಳಿದು ಸಾಲು ಮತ್ತೆ ಮೊದಲಿಗೆ ಬಂದಿತ್ತು. ‘ಯಾರ್ರೀ ಇದು ಹಾಡ್ತಿರೋದು?’ ಎಂದರು.

ಮೇಷ್ಟ್ರು ಬಾಯಿ ತೆರೆಯುವ ಮುನ್ನವೇ ತಟ್ಟೆ ತಾನೇ ಹೆಸರು ಹೇಳಿತು. ಆಮೇಲೆ ಬರೀ ಅರಗಿನ ಸದ್ದು. ಅಷ್ಟು ಹಳೆಯ ಪ್ಲೇಟುಗಳಲ್ಲಿ ಮುಳ್ಳನ್ನು ಕೊನೆಗೆ ಒಯ್ದು ನಿಲ್ಲಿಸುವ ಗೆರೆ ಇರುವುದಿಲ್ಲ. ಯಾರಾದರೂ ಎದ್ದು ತೋಳು ಎತ್ತಬೇಕು. ಮೇಷ್ಟ್ರು ಎದ್ದರು.